ಅಕ್ಕನಿಗಿದ್ದ ಗುರ್ತ

ನಾನು ಚಿಕ್ಕವನಿದ್ದಾಗ ಒಂದು ದಿನ ಬೆಳಗ್ಗೆ ಅಕ್ಕನ ಮೇಲೆ ನನಗೆ ಬಲವಾದ ಸಂಶಯ ಹುಟ್ಟಿತು. ಆಗ ನನಗೆ ಸೀತಾಳೆ ಸಿಡುಬು ಎದ್ದಿತ್ತು. ಮೈತುಂಬ ನೀರುಗುಳ್ಳೆ, ಸುಡುವ ಜ್ವರ, ಚಾಪೆಯ ಮೇಲೆ ಹಾಸಿದ ಕಹಿಬೇವಿನ ಸೊಪ್ಪಿನ ಘಾಟು. ವೇಣೂರಿನ ನಮ್ಮ ಮನೆಯತ್ತ ನೆರೆಯವರು ತಲೆ ಹಾಕುತ್ತಿರಲಿಲ್ಲ. ಅಪ್ಪನೂ ಅಂಗಳದಿಂದಲೇ ವಿಚಾರಿಸಿ ಅಂಗಡಿಗೆ ಹೋಗುತ್ತಿದ್ದರು. ಅಕ್ಕ ಮಾತ್ರ ನನ್ನ ಪಕ್ಕದಲ್ಲೇ ಕೂತು, ನಾನು ಬಿಟ್ಟ ಗಂಜಿಯನ್ನೂ ಉಣ್ಣುತ್ತಿದ್ದಳು.

ನಿನಗೆ ಹೆದರಿಕೆ ಇಲ್ಲವೇ ಎಂದು ಕೇಳಿದೆ.

"ನಂಗೆ ಅದರ ಗುರ್ತ ಉಂಟು" ಎಂದು ನಕ್ಕಳು.

ನಮ್ಮ ಕಡೆ ಗುರ್ತ ಎಂದರೆ ಪರಿಚಯ. ಗುರ್ತದವರು ಬಂದರೆ ನೀರು ಬೆಲ್ಲ ಕೊಟ್ಟು ಒಳಗೆ ಕೂರಿಸುವುದು ರೂಢಿ. ಹಾಗಾದರೆ ಈ ಕಾಯಿಲೆಯನ್ನು ಮನೆಗೆ ಕರೆದವಳು ಇವಳೇ ಎಂದು ನನ್ನ ತಲೆಗೆ ಹೊಕ್ಕಿತು. ಆಮೇಲೆ ಅವಳು ಕೊಟ್ಟ ಎಳನೀರನ್ನು ನಾನು ಮುಟ್ಟಲಿಲ್ಲ. ತುಟಿ ಒಣಗಿ ಬಿರಿದರೂ ಬಾಯಿ ತೆರೆಯಲಿಲ್ಲ. ಅವಳು ಗಾಳಿ ಬೀಸಿದರೆ ಅದರಲ್ಲೂ ಏನೋ ಮಸಲತ್ತು ಕಾಣುತ್ತಿತ್ತು.

ಮಧ್ಯಾಹ್ನ ಸುದ್ದಿ ತಿಳಿದ ಅಮ್ಮ ಕೊಕ್ಕಡದ ತವರಿನಿಂದ ಓಡಿ ಬಂದರು. ಅವರು ಬಸುರಿ. ಅಕ್ಕ ಬಾಗಿಲಿಗೆ ಅಡ್ಡ ನಿಂತು, ಒಳಗೆ ಬರಬಾರದು ಎಂದಳು. ಅಮ್ಮ ಅತ್ತರೂ ಜಗ್ಗಲಿಲ್ಲ. ನನ್ನ ಸಂಶಯ ಗಟ್ಟಿಯಾಯಿತು. ನೀನೇ ಇದನ್ನು ಕರೆದದ್ದು ಎಂದು ಚೀರಿದೆ.

ಅಕ್ಕ ಚಾಪೆಯ ಬಳಿ ಬಂದು ನನ್ನ ಬೆರಳು ಹಿಡಿದು ತನ್ನ ಹುಬ್ಬಿನ ಮೇಲಿನ ಗುಳಿಯನ್ನು ಮುಟ್ಟಿಸಿದಳು. "ಇದು ನಂಗೆ ಬಂದು ಹೋದದ್ದರ ಕಲೆ. ಗುರ್ತ ಇರುವುದು ಒಳಗೆ ಕರೆಯಲಿಕ್ಕಲ್ಲ ಮಾರಾಯ, ಬಾಗಿಲಲ್ಲೇ ಹಿಡಿದು ಓಡಿಸಲಿಕ್ಕೆ. ಅಮ್ಮನಿಗೆ ಆ ಗುರ್ತ ಇಲ್ಲ, ಹೊಟ್ಟೆಯಲ್ಲಿರುವ ಮಗುವಿಗೂ ಇಲ್ಲ. ನೀನು ಎಳನೀರು ಕುಡಿಯದಿದ್ದರೆ ಅಮ್ಮ ಒಳಗೆ ಬಂದೇ ಬರ್ತಾರೆ."

ಆ ಗುಳಿಯನ್ನು ಇನ್ನೊಮ್ಮೆ ಮುಟ್ಟಿ ನೋಡಿ, ಅರೆಮನಸ್ಸಿನಿಂದಲೇ ಲೋಟ ತೆಗೆದುಕೊಂಡೆ. ನಾನು ಕುಡಿದು ಮುಗಿಸುವುದನ್ನು ಅಂಗಳದಿಂದಲೇ ನೋಡಿ ಅಮ್ಮ ಬಸ್ಸಿಗೆ ಹೊರಟರು.

ಮೊಮ್ಮಕ್ಕಳೇ, ಹಾಗೆ ಗುರ್ತ ಇಟ್ಟುಕೊಳ್ಳುವುದು ರಕ್ತದ ಬಿಳಿ ಕಣಗಳ ಕೆಲಸ ಎಂದು ಈಗ ನಿಮ್ಮ ಪಾಠದಲ್ಲೇ ಇದೆ. ಅಕ್ಕನ ಮೈಯ ಬಿಳಿ ಕಣಗಳು ಕಾಯಿಲೆ ಬಿದ್ದ ಮೇಲೆಯೇ ಅದರ ಗುರ್ತ ಹಿಡಿದದ್ದು. ನಿಮಗಾದರೆ ಲಸಿಕೆಯ ಸೂಜಿ ಮೊದಲೇ ಗುರ್ತ ಮಾಡಿಸಿಕೊಡುತ್ತದೆ. ಆದರೂ ನೀವು ನರ್ಸಮ್ಮನನ್ನು ನಾನು ಅಕ್ಕನನ್ನು ನೋಡಿದ ಹಾಗೆಯೇ ನೋಡುತ್ತೀರಿ. ಹಾಗೆ ನೋಡಿದರೂ ಪರವಾಗಿಲ್ಲ. ತೋಳು ಮಾತ್ರ ಹಿಂದಕ್ಕೆಳೆಯಬೇಡಿ. ಅಂದು ಅಮ್ಮನ ಹೊಟ್ಟೆಯಲ್ಲಿ ಬಾಗಿಲಾಚೆಯೇ ಉಳಿದವಳು ಯಾರು ಗೊತ್ತೇ? ನಿನ್ನೆ ಲಗೋರಿಯಲ್ಲಿ ನಿಮ್ಮನ್ನೆಲ್ಲ ಸೋಲಿಸಿದ ಚಿಕ್ಕಜ್ಜಿ.