ಚಿಪ್ಪಿನ ಮಾತು ಬಲ್ಲ ದ್ಯಾವಮ್ಮ

ಬೆಳಗಿನ ಆರೂವರೆ. ಕೃಷ್ಣರಾಜಪೇಟೆಯ ಖಾಸಗಿ ಪಾಲಿಟೆಕ್ನಿಕ್ ಒಂದರ ಲ್ಯಾಬಿನಲ್ಲಿ ದ್ಯಾವಮ್ಮ ಇಪ್ಪತ್ತೆರಡು ಮೈಕ್ರೋಪ್ರೊಸೆಸರ್ ಕಿಟ್‌ಗಳ ಧೂಳು ಒರೆಸುತ್ತಿದ್ದಾರೆ. ಒರೆಸಿದ ಮೇಲೆ ಒಂದೊಂದಕ್ಕೂ ಸ್ವಿಚ್ ಹಾಕಿ ಗುಂಡಿಗಳ ಮೇಲೆ ಟಕಟಕನೆ ಬೆರಳಾಡಿಸುತ್ತಾರೆ. ಎರಡು, ಮೂರು ಕೂಡಿ ಐದು ಎಂದು ಕೆಂಪು ಅಂಕಿ ಮೂಡಿದರೆ ಕಿಟ್ ನೆಟ್ಟಗಿದೆ ಎಂದರ್ಥ. ಎಂಟಕ್ಕೆ ಕರೆಂಟು ಹೋಗುತ್ತದೆ. ಅಷ್ಟರೊಳಗೆ ವಿದ್ಯಾರ್ಥಿಗಳ ಮೊದಲ ತಂಡ ಮುಗಿಯಬೇಕು. ಅದಕ್ಕೇ ಅವರು ಶೀಳನೆರೆಯಿಂದ ಮೊದಲ ಬಸ್ಸಿಗೇ ಬರುತ್ತಾರೆ.

ದ್ಯಾವಮ್ಮ ಇಲ್ಲಿನ ಅಟೆಂಡರ್. ವಯಸ್ಸು ನಲವತ್ತನಾಲ್ಕು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷು ಕೈಕೊಟ್ಟಿತು. ಹನ್ನೊಂದು ವರ್ಷದ ಹಿಂದೆ ಕಸ ಗುಡಿಸಲು ಸೇರಿದವರು.

"ಕಿಟ್ಟು ಕೆಲ್ಸ ಮಾಡ್ತದಾ ನೋಡಿ ಅಂತ ರಘುನಂದನ್ ಮೇಷ್ಟ್ರು ಐದು ಸಾಲು ಒತ್ತೋದು ತೋರ್ಸಿದ್ರು. ದಿನಾ ಒತ್ತಿ ಒತ್ತಿ, ಈ ನಂಬರ್ ಒತ್ತಿದ್ರೆ ಒಳ್ಗಡೆ ಏನಾಯ್ತದೆ ಸಾ ಅಂತ ಕೇಳ್ದೆ. ಬೇಜಾರ್ ಮಾಡ್ಕೊಳ್ದೆ ಏಳ್ಕೊಟ್ರು. ಅವ್ರ ಋಣ ತೀರ್ಸಕ್ಕಾಗಕಿಲ್ಲ."

ಕಿಟ್ಟಿನೊಳಗಿನ ಮೈಕ್ರೋಪ್ರೊಸೆಸರ್ ಚಿಪ್ಪಿಗೆ ಅರ್ಥವಾಗುವ ಆಜ್ಞೆಗಳು ಇನ್ನೂರ ನಲವತ್ತಾರು. ಒಂದೊಂದಕ್ಕೂ ಒಂದು ಸಂಕೇತ. ಅಷ್ಟನ್ನೂ ದ್ಯಾವಮ್ಮ ನೋಟ್‌ಬುಕ್ಕಿನಲ್ಲಿ ತಮ್ಮದೇ ಕನ್ನಡದಲ್ಲಿ ಬರೆದಿಟ್ಟಿದ್ದಾರೆ. ಮೂರು-ಇ ಎಂದರೆ 'ಎ ಡಬ್ಬಿಗೆ ತುಂಬು'. ಏಳು-ಆರು ಎಂದರೆ 'ನಿಲ್ಲು'. ಒಮ್ಮೆ ಮೇಲ್ವಿಚಾರಕರೊಬ್ಬರು "ಪೊರಕೆ ಹಿಡಿಯೋ ಕೈಗೆ ಇದೆಲ್ಲಾ ಯಾಕಮ್ಮ?" ಎಂದು ಆ ಪುಸ್ತಕ ಕಿತ್ತುಕೊಂಡಿದ್ದರು. ಅದು ವಾಪಸ್ ಬರಲಿಲ್ಲ. ನಾಲ್ಕು ತಿಂಗಳು ಕೂತು ಇನ್ನೊಂದು ಬರೆದರು.

ಆ ಪುಸ್ತಕ ಊರಿನ ಮಾನ ಕಾಯ್ದದ್ದು ಹೋದ ವರ್ಷ, ತೊಂಬತ್ತಾರರ ಶ್ರಾವಣದಲ್ಲಿ. ಶೀಳನೆರೆ ಹೋಬಳಿಯ ಹಳ್ಳಿಯೊಂದರ ಡೈರಿಯಲ್ಲಿ ಹಾಲಿನ ಫ್ಯಾಟು ಅಳೆಯುವ ಯಂತ್ರ, ನಾಲ್ಕೂವರೆ ತೋರಬೇಕಾದ ಕಡೆ ಬರೀ ಅರ್ಧ ತೋರಿಸಿತು. ಸಾಲಿನಲ್ಲಿ ಮುಂದೆ ನಿಂತಿದ್ದವರು ಬೆಟ್ಟಮ್ಮ.

"ನೀರು ಬೆರ್ಸಿದ್ದೀಯಾ ಅಂದ್ಬುಟ್ರು ಕಣಪ್ಪ, ಎಲ್ರ ಮುಂದೆ. ಭೂಮಿ ಬಾಯ್ಬುಟ್ಟಂಗಾಯ್ತು," ಎನ್ನುತ್ತಾರೆ ಅವರು.

ಹತ್ತನೆಯವರ ಹಾಲೂ ಅರ್ಧವೇ ತೋರಿದಾಗ ತಪ್ಪು ಯಂತ್ರದ್ದೆಂದು ತಿಳಿಯಿತು. ತಯಾರಿಸಿದ ಕಂಪನಿ ಬಾಗಿಲು ಹಾಕಿತ್ತು. ಕೈಯಲ್ಲಿ ಪರೀಕ್ಷೆ ಮಾಡುತ್ತ ಕೂತರೆ ಬಿಸಿಲೇರುತ್ತದೆ, ಹಾಲು ಒಡೆಯುತ್ತದೆ. ಡೈರಿ ಕಾರ್ಯದರ್ಶಿ ಸಿದ್ದರಾಜು ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಪಾಲಿಟೆಕ್ನಿಕ್ಕಿಗೆ ತಂದರು.

ಯಂತ್ರದೊಳಗೂ ಕಿಟ್ಟಿನಂಥದೇ ಮೈಕ್ರೋಪ್ರೊಸೆಸರ್ ಇತ್ತು. ರಘುನಂದನ್ ಯಂತ್ರದ ನೆನಪಿನ ಚಿಪ್ಪಿನಲ್ಲಿದ್ದ ಎರಡು ಸಾವಿರ ಚಿಲ್ಲರೆ ಸಂಕೇತಗಳನ್ನು ಕಂಪ್ಯೂಟರಿಗಿಳಿಸಿ, ಅವನ್ನು ಆಜ್ಞೆಗಳಾಗಿ ಬಿಡಿಸುವ ಪ್ರೋಗ್ರಾಂ ಬರೆದರು. ಹದಿನೇಳು ಹಾಳೆ ಅಚ್ಚಾಯಿತು. ಎರಡು ದಿನ ನೋಡಿದರು. ಬಿಡಿಬಿಡಿಯಾಗಿ ಯಾವ ಆಜ್ಞೆಯೂ ತಪ್ಪಿರಲಿಲ್ಲ. ಮೂರನೆಯ ಬೆಳಿಗ್ಗೆ ದ್ಯಾವಮ್ಮ ಹಾಳೆಗಳನ್ನು ಕೇಳಿ ಪಡೆದು, ತಮ್ಮ ನೋಟ್‌ಬುಕ್ ಪಕ್ಕಕ್ಕಿಟ್ಟುಕೊಂಡು ನೆಲದ ಮೇಲೆ ಕೂತರು. ಒಂಬತ್ತನೆಯ ಹಾಳೆಯಲ್ಲಿ ಬೆರಳು ನಿಂತಿತು.

"ಸಾ, ಎಂಟು ಸಲ ಅಳೆ ಅಂತ ಮೇಲೆ ಬರ್ದವ್ರೆ. ಒಂದ್ಸಲ ಅಳ್ದ ಮೇಲೆ ವಾಪಸ್ ಓಗಕ್ಕೆ ದಾರಿನೇ ಇಲ್ವಲ್ಲ? ಇಲ್ಲಿ 'ಎಣಿಕೆ ಮುಗುದ್ರೆ ವಾಪಸ್ ಓಗು' ಅನ್ನೋ ಸಿ-ಎ ಅದೆ. 'ಮುಗೀದಿದ್ರೆ ವಾಪಸ್ ಓಗು' ಅನ್ನೋ ಸಿ-ಎರಡು ಇರ್ಬೇಕಿತ್ತು."

ರಘುನಂದನ್ ಹಾಳೆ ನೋಡಿದರು, ದ್ಯಾವಮ್ಮನ ಮುಖ ನೋಡಿದರು. ಬೆಳಕು ಬಿದ್ದರೆ ಬರೆದದ್ದು ಅಳಿಸಿಹೋಗುವ ಆ ನೆನಪಿನ ಚಿಪ್ಪಿನ ಗಾಜಿನ ಕಿಂಡಿಗೆ ಅಂಟಿಸಿದ್ದ ಚೀಟಿ ಉದುರಿ, ವರ್ಷಗಟ್ಟಲೆ ಬೆಳಕು ಬಿದ್ದು, ಒಂದೇ ಒಂದು ಸಂಕೇತ ಬದಲಾಗಿತ್ತು. ಎಂಟು ಸಲ ಅಳೆದು ಎಂಟರಿಂದ ಭಾಗಿಸಬೇಕಾದ ಯಂತ್ರ, ಒಂದೇ ಸಲ ಅಳೆದು ಎಂಟರಿಂದ ಭಾಗಿಸುತ್ತಿತ್ತು.

ಸಂಕೇತ ತಿದ್ದಿ ಯಂತ್ರ ವಾಪಸ್ ಹೋಯಿತು. ಮರುದಿನ ಮೊದಲು ಅಳೆದದ್ದು ಬೆಟ್ಟಮ್ಮನ ಹಾಲು: ನಾಲ್ಕು ಪಾಯಿಂಟ್ ಆರು. ಆ ವಾರವೇ ಅವರು ಒಂದು ಡಬ್ಬಿ ಗಿಣ್ಣು ಹಿಡಿದು ಲ್ಯಾಬಿಗೆ ಬಂದರು. "ನನ್ ಮಾನ ಉಳಿಸ್ದೆ ಕಣವ್ವ" ಎಂದು ದ್ಯಾವಮ್ಮನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

"ಬಿಡಿಸಿದ್ದು ನನ್ನ ಪ್ರೋಗ್ರಾಂ. ಓದಿದ್ದು ದ್ಯಾವಮ್ಮ," ಎನ್ನುತ್ತಾರೆ ರಘುನಂದನ್. ಈಗ ಪ್ರತಿ ತಂಡದ ಕೈಗೂ ಆ ನೋಟ್‌ಬುಕ್ಕಿನ ಜೆರಾಕ್ಸ್ ಪ್ರತಿ ಸಿಗುತ್ತದೆ.

ಲ್ಯಾಬಿಗೆ ಹೊಸ ಕಂಪ್ಯೂಟರ್ ಬರಲಿದೆ. ದ್ಯಾವಮ್ಮನಿಗೊಂದು ಆಸೆಯಿದೆ. "ಅದ್ರೊಳಗಿರೋ ಚಿಪ್ಪಿಗೆ ಎಷ್ಟು ಮಾತು ಬತ್ತವೆ ಅಂತ ಯಾರಾರ ಏಳ್ಕೊಟ್ರೆ ಸಾಕು. ಬರ್ಕೊಳೋದು ನನ್ಗೆ ಬುಡಿ."