ಪಾತ್ರದ್ದೋ, ನಿನ್ನದೋ?

ನಟನ ಮುಖವನ್ನು ಮುಚ್ಚಿ ಮೈಯನ್ನು ಮಾತಾಡಿಸುವ ವಿದ್ಯೆಗೆ ಬದುಕನ್ನೇ ಮುಡಿಪಾಗಿಟ್ಟ ನಮ್ಮ ಮುಖವಾಡದ ಮೇಷ್ಟ್ರು ಈ ತಿಂಗಳು ರಂಗಶಾಲೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರ ಹಳೆಯ ವಿದ್ಯಾರ್ಥಿನಿಯೂ ಈಗಿನ ಸಹೋದ್ಯೋಗಿಯೂ ಆದ ಈ ಲೇಖಕಿಗೆ ಬರೀ ಹೊಗಳಿ ಮುಗಿಸುವ ಮನಸ್ಸಿತ್ತು. ಮೇಷ್ಟ್ರು ಒಪ್ಪಲಿಲ್ಲ. ತಮ್ಮ ಮೊದಲ ತಂಡದ ಕಡ್ಡಿಯನ್ನು ಬಿಟ್ಟು ಬರೆಯುವುದಾದರೆ ಬರೆಯುವುದೇ ಬೇಡ ಎಂದರು.

ಕಡ್ಡಿ ಎಂಬುದು ಆ ತೆಳ್ಳನೆಯ ನಟನಿಗೆ ಗೆಳೆಯರಿಟ್ಟ ಹೆಸರು. ಮುದುಕನ ಮುಖವಾಡ ಕಟ್ಟಿಕೊಂಡು ಎದ್ದನೆಂದರೆ ಅವನ ಬೆನ್ನು ತಾನಾಗಿ ಬಾಗುತ್ತಿತ್ತು, ಬಲಗೈ ಸಣ್ಣಗೆ ನಡುಗುತ್ತಿತ್ತು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಮೇಷ್ಟ್ರು ಹಿರಿಹಿರಿ ಹಿಗ್ಗಿ, ಆ ನಡುಕವನ್ನು ಬಿಡದೆ ಸಾಧಿಸು ಎಂದು ಬೆನ್ನು ತಟ್ಟಿದರು. ಅವನೂ ಬಿಡಲಿಲ್ಲ. ಮನೆಯಲ್ಲಿ ಚಮಚ ಕೈಜಾರಿದರೆ, ಇದು ಅಭ್ಯಾಸ ಎಂದು ಅಕ್ಕನನ್ನು ನಗಿಸುತ್ತಿದ್ದ. ಮಿದುಳಿನಲ್ಲಿ ಗಡ್ಡೆಯಿದೆಯೆಂದು ಗೊತ್ತಾಗುವಷ್ಟರಲ್ಲಿ ಕಾಲ ಮೀರಿತ್ತು. ಆಸ್ಪತ್ರೆಯಲ್ಲಿ ಅವನು, "ಈಗ ಇನ್ನೂ ಚೆನ್ನಾಗಿ ಬರ್ತಿದೆ ಅಲ್ವಾ ಮೇಷ್ಟ್ರೇ?" ಎಂದನಂತೆ. ವರ್ಷ ತುಂಬುವ ಮೊದಲೇ ತೀರಿಕೊಂಡ. ಅಕ್ಕ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು ಎಂದು ಮೇಷ್ಟ್ರು ಇವತ್ತಿಗೂ ಕೊರಗುತ್ತಾರೆ.

ಅಲ್ಲಿಂದಾಚೆಗೆ ಅವರ ತರಗತಿಯಲ್ಲಿ ಮುಖವಾಡ ಬಿಚ್ಚಿದವರಿಗೆಲ್ಲ ಚಪ್ಪಾಳೆಗೆ ಮೊದಲು ಒಂದೇ ಪ್ರಶ್ನೆ ಕಾದಿರುತ್ತಿತ್ತು: ಈಗ ಕಂಡದ್ದು ಪಾತ್ರದ್ದೋ, ನಿನ್ನದೋ? ನಮಗದು ತಮಾಷೆ. ಯಾರಾದರೂ ಸೀನಿದರೂ ಅದನ್ನೇ ಕೇಳಿ ಕಿಚಾಯಿಸುತ್ತಿದ್ದೆವು. ರಾಣಿಯ ಮುಖವಾಡದಲ್ಲಿ ಈ ಲೇಖಕಿ ಎಡಗಾಲನ್ನು ಎಳೆದು ನಡೆದ ದಿನ, ಅದು ಪಾತ್ರದ್ದೇ ಎಂದು ಅವಳು ಹೇಳಿದ ಸುಳ್ಳನ್ನು ಅವರು ನಂಬಲಿಲ್ಲ. ತರಗತಿ ನಿಲ್ಲಿಸಿ, ತಾವೇ ಆಸ್ಪತ್ರೆಗೆ ಕರೆದೊಯ್ದು, ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಮುಗಿಯುವವರೆಗೂ ಬಾಗಿಲಲ್ಲೇ ಕುಳಿತಿದ್ದರು. ಅವಳು ಇಂದು ನೆಟ್ಟಗೆ ನಡೆಯುತ್ತಿರುವುದು ಕಡ್ಡಿ ಸತ್ತದ್ದರಿಂದ ಎಂಬುದನ್ನು ಮರೆಯುವಂತಿಲ್ಲ.

ಕಳೆದ ತಿಂಗಳು ಹೊಸಬರಿಗೆ ತೋರಿಸಲೆಂದು ಮೇಷ್ಟ್ರು ಅದೇ ಮುದುಕನ ಮುಖವಾಡ ಕಟ್ಟಿಕೊಂಡರು. ಬಲಗೈ ನಡುಗಿತು. ಹೊಸಬರು ಬೆರಗಾಗಿ ಚಪ್ಪಾಳೆ ತಟ್ಟಿದರು. ಈ ಲೇಖಕಿ ಎದ್ದು ಅವರ ಹತ್ತಿರ ಹೋದಳು.

"ಮೇಷ್ಟ್ರೇ, ಪಾತ್ರದ್ದಾ, ನಿಮ್ದಾ?"

ಅವರು ಎಲ್ಲರಿಗೂ ಕಲಿಸಿದಂತೆಯೇ ನೋಡುವವರಿಗೆ ಬೆನ್ನು ತಿರುಗಿಸಿ ಮುಖವಾಡದ ದಾರ ಬಿಚ್ಚಲು ನೋಡಿದರು. ಬೆರಳುಗಳು ಮಾತು ಕೇಳಲಿಲ್ಲ.

"ನಂದೇ ಮಗಳೇ," ಎಂದರು. "ಸ್ವಲ್ಪ ಬಿಚ್ಚು."

ಇದು ವಾಸಿಯಾಗುವ ಕಾಯಿಲೆಯಲ್ಲ, ನಿಧಾನವಾಗಿ ಏರುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಆದರೂ ನಿವೃತ್ತಿಯ ನಂತರ ತರಗತಿಗೆ ಬಂದು ಕುಳಿತುಕೊಳ್ಳಲು ಮೇಷ್ಟ್ರು ಒಪ್ಪಿದ್ದಾರೆ. ದಾರ ಕಟ್ಟಲು, ಬಿಚ್ಚಲು ನಾವಿದ್ದೇವೆ. ಆ ಪ್ರಶ್ನೆ ಕೇಳಲು ಅವರು ಬಹುಕಾಲ ಇರಲಿ.