ಎರಡೂ ಕಡೆ ಒಂದೊಂದು ಹಾಡು

ಹೆಣ್ಣು ನೋಡಲು ಬಂದವರ ಮುಂದೆ ಆಗಷ್ಟೇ ಹಾಡಿ ಮುಗಿಸಿದ್ದೆ. ಹುಡುಗನ ತಂದೆ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ನನ್ನದು ಎಸ್ಸೆಸ್ಸೆಲ್ಸಿ ಆಗಿದೆಯೆಂದು ತಿಳಿದು ಬೀಜಗಣಿತಕ್ಕೇ ಇಳಿದರು.

"ಎ ಅನ್ನೋದು ಬಿಗೆ ಸಮ ಆದ್ರೆ, ಇನ್ನೇನು ಹೇಳಬಹುದಮ್ಮ?"

"ಬಿ ಕೂಡ ಎಗೆ ಸಮ. ಹಂಗಾದ್ರೆ ಈಗ ನಿಮ್ಮ ಮಗನೂ ಒಂದು ಹಾಡು ಹೇಳ್ಬೇಕಲ್ವಾ ಮೇಷ್ಟ್ರೇ?"

ಐವತ್ತರ ದಶಕದ ಯಾದವಗಿರಿಯಲ್ಲಿ ಹೆಣ್ಣು ಹೀಗೆ ಮಾತಾಡುವುದುಂಟೇ? ಸಂಬಂಧ ತಪ್ಪಿತೆಂದು ಅಪ್ಪ ತಲೆ ತಗ್ಗಿಸಿದರು. ಮೇಷ್ಟ್ರು ಮಾತ್ರ ಮಗನ ಕಡೆ ತಿರುಗಿ, "ಲೆಕ್ಕ ಸರಿಯಾಗಿದೆ ಕಣೋ, ಹಾಡು" ಎಂದರು. ಮಗರಾಯರು ಕಣ್ಣು ಮುಚ್ಚಿಕೊಂಡು ಹಾಡಿಯೇಬಿಟ್ಟರು. ಹಿತ್ತಿಲಲ್ಲಿ ಮಲಗಿದ್ದ ಹಸು ಎದ್ದು ನಿಂತಿತು.

ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಮನೆಯಲ್ಲಿ ಹಾಡುವುದಿಲ್ಲ. ಹಾಡಿದರೆ ಅವರೂ ಹಾಡುತ್ತಾರೆ.